ಬೆರೆಸಿದ್ದೆಲ್ಲ ರಾಡಿ ಆಗುತ್ತಿದೆಯಾ? ಪೂರಕ ಬಣ್ಣಗಳ ದೋಷ ಹುಡುಕುವ ಕೈಪಿಡಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ. ಮಾರುಕಟ್ಟೆಯ ಒಂದು ಮೂಲೆಯಲ್ಲಿ ರಾಶಿಯ ಮುಂದೆ ಕೂತು ವಾಟರ್‌ಕಲರ್ ಮಾಡುತ್ತಿದ್ದೆ. ಘಾಟಿಗೆ ಕಣ್ಣಲ್ಲಿ ನೀರು, ಆದರೂ ಕೆಂಪು ಚೆನ್ನಾಗಿಯೇ ಬಂದಿತ್ತು. ಆಮೇಲೆ ರಾಶಿಯ ನೆರಳಿಗೆ ಅಂತ ಕಪ್ಪು ಹಾಕಿದೆ. ಹಿಂದೆ ನಿಂತು ನೋಡುತ್ತಿದ್ದ ರೈತರೊಬ್ಬರು ಬಗ್ಗಿ, "ಸರ, ಈ ಮಾಲಿಗೆ ಬೂಸ್ಟ ಹಿಡದೈತೇನ್ರಿ?" ಎಂದು ಕೇಳಿದರು. ಚೇಷ್ಟೆಗೆ ಕೇಳಿದ್ದಲ್ಲ. ನಿಜವಾಗಿಯೂ ಅವರಿಗೆ ಅದು ಕೆಟ್ಟ ಮಾಲಿನ ಚಿತ್ರದಂತೆ ಕಂಡಿತ್ತು.

ನನಗೆ ಗಾಬರಿ. ಕೆಂಪಿನ ನೆರಳಿಗೆ ಹಸಿರು ಹಾಕಬೇಕು ಅಂತ ಎಲ್ಲೋ ಕೇಳಿದ್ದು ನೆನಪಾಗಿ, ಆ ಕಪ್ಪು ಇನ್ನೂ ಹಸಿ ಇರುವಾಗಲೇ ಅದರ ಮೇಲೆ ಹಸಿರು ಎಳೆದೆ, ಅದು ಹರಿದು ಕೆಂಪಿನೊಳಗೆ ಹೋಯಿತು, ಒರೆಸಲು ಹೋದೆ, ಮತ್ತೆ ಕೆಂಪು ಹಾಕಿದೆ, ಐದು ನಿಮಿಷದಲ್ಲಿ ರಾಶಿ ಪೂರ್ತಿ ರಾಡಿ. ಮಳೆಗಾಲದಲ್ಲಿ ಹುಬ್ಬಳ್ಳಿಯ ಹಳೆ ಗಲ್ಲಿಗಳಲ್ಲಿ ಇರುತ್ತದಲ್ಲ, ಅದೇ ಬಣ್ಣ.

ಮನೆಗೆ ಬಂದು ತಪ್ಪು ಎಲ್ಲಾಯಿತು ಅಂತ ಒಂದೊಂದಾಗಿ ಬಿಡಿಸಿ ನೋಡಿದೆ. ಗಾಡಿ ಸ್ಟಾರ್ಟ್ ಆಗದಿದ್ದರೆ ಮೆಕ್ಯಾನಿಕ್ ಮೊದಲು ಪೆಟ್ರೋಲ್ ಇದೆಯಾ ನೋಡುತ್ತಾನೆ, ಆಮೇಲೆ ಪ್ಲಗ್ ಬಿಚ್ಚುತ್ತಾನೆ, ಎಂಜಿನ್‌ಗೆ ಕೈ ಹಾಕುವುದು ಕೊನೆಗೆ. ಬಣ್ಣದ ವಿಷಯದಲ್ಲಿ ನಾವು ನೇರ ಎಂಜಿನ್‌ಗೇ ಕೈ ಹಾಕುತ್ತೇವೆ. ಚಿತ್ರ ಕೆಟ್ಟ ತಕ್ಷಣ ಇನ್ನೊಂದು ಬಣ್ಣ, ಅದರ ಮೇಲೆ ಮತ್ತೊಂದು. ಹಾಗಾಗಿ ಈ ಬರಹ.

ಮೊದಲು ಕೇಳಬೇಕಾದದ್ದು: ಜೋಡಿ ಎಲ್ಲಿ ಕೂಡಿತು?

ಪೂರಕ ಬಣ್ಣ ಅಂದರೆ ಬಣ್ಣದ ಚಕ್ರದಲ್ಲಿ ಎದುರುಬದುರು ಕೂತಿರುವ ಜೋಡಿ. ಕೆಂಪಿಗೆ ಹಸಿರು, ನೀಲಿಗೆ ಕಿತ್ತಳೆ, ಹಳದಿಗೆ ನೇರಳೆ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಮರೆಯುವುದು ಏನು ಅಂದರೆ, ಈ ಜೋಡಿ ಎರಡು ತದ್ವಿರುದ್ಧ ಕೆಲಸ ಮಾಡುತ್ತದೆ. ಪಕ್ಕ ಪಕ್ಕ ಇಟ್ಟರೆ ಒಂದನ್ನೊಂದು ಕೂಗಿಸುತ್ತವೆ. ಕಲಸಿದರೆ ಒಂದರ ಬಾಯಿ ಇನ್ನೊಂದು ಮುಚ್ಚಿಸುತ್ತದೆ.

ನಾನು ನೋಡಿದ ಮಟ್ಟಿಗೆ, ಮುಕ್ಕಾಲು ಪಾಲು ದೋಷ ಇಲ್ಲೇ ಇರುತ್ತದೆ. ಕೂಗಬೇಕಾದ ಕಡೆ ಕಲಸಿರುತ್ತೇವೆ, ಸುಮ್ಮನಿರಬೇಕಾದ ಕಡೆ ಪಕ್ಕದಲ್ಲಿ ಇಟ್ಟಿರುತ್ತೇವೆ. ಆದ್ದರಿಂದ ಚಿತ್ರ ಕೆಟ್ಟಾಗ ಬ್ರಷ್ ಕೆಳಗಿಟ್ಟು ಮೊದಲು ಇದನ್ನು ಕೇಳಿಕೊಳ್ಳಿ: ಈ ಎರಡು ಬಣ್ಣ ಕೂಡಿದ್ದು ಪ್ಯಾಲೆಟ್‌ನಲ್ಲೋ, ಕಾಗದದ ಮೇಲೋ, ಅಥವಾ ನನ್ನ ಕಣ್ಣಿನಲ್ಲೋ? ಮೂರಕ್ಕೂ ಮದ್ದು ಬೇರೆ ಬೇರೆ.

ದೋಷ: ಬೆರೆಸಿದ್ದೆಲ್ಲ ರಾಡಿ

ಇದು ಎಲ್ಲರ ದೂರು, ಆದ್ದರಿಂದ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಬಣ್ಣದ ಪುಡಿ ಕೆಲಸ ಮಾಡುವುದು ಬೆಳಕನ್ನು ನುಂಗಿ. ಕೆಂಪು ಪುಡಿ ಹಸಿರು ಬೆಳಕನ್ನು ನುಂಗಿ ಕೆಂಪನ್ನು ವಾಪಸ್ ಕಳಿಸುತ್ತದೆ. ಹಸಿರು ಪುಡಿ ಕೆಂಪನ್ನು ನುಂಗುತ್ತದೆ. ಎರಡನ್ನೂ ಕಲಸಿದರೆ ವಾಪಸ್ ಬರುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ, ಮಂಕಾದ ಗಾಢ ಬಣ್ಣ ಸಿಗುತ್ತದೆ. ಇದು ದೋಷ ಅಲ್ಲ, ಬಣ್ಣದ ಸ್ವಭಾವ. ಬೇಕೆಂದು ಮಾಡಿದರೆ ಅದು ಒಳ್ಳೆ ನೆರಳು. ಬೇಡದ ಕಡೆ ಆದರೆ ರಾಡಿ.

ಹಾಗಾದರೆ "ನಾನು ಪೂರಕ ಬಣ್ಣ ಬೆರೆಸಲೇ ಇಲ್ಲ, ಬರೀ ಕೆಂಪು ಮತ್ತು ನೀಲಿ ಹಾಕಿದೆ, ಒಳ್ಳೆ ನೇರಳೆ ಬರುತ್ತದೆ ಅಂದುಕೊಂಡರೆ ಬದನೆಕಾಯಿ ಸುಟ್ಟ ಬಣ್ಣ ಬಂತು" ಅನ್ನುವವರ ಕಥೆ ಏನು? ಅಲ್ಲಿ ಪೂರಕ ಬಣ್ಣ ಕಳ್ಳನ ಹಾಗೆ ಒಳಗೆ ಬಂದಿರುತ್ತದೆ. ಯಾವ ಟ್ಯೂಬಿನ ಕೆಂಪೂ ಶುದ್ಧ ಕೆಂಪಲ್ಲ. ವರ್ಮಿಲಿಯನ್, ಸ್ಕಾರ್ಲೆಟ್ ಇವೆಲ್ಲ ಹಳದಿ ಕಡೆ ವಾಲುತ್ತವೆ. ಕ್ರಿಮ್ಸನ್ ನೇರಳೆ ಕಡೆ ವಾಲುತ್ತದೆ. ನೀಲಿಯಲ್ಲೂ ಹಾಗೇ. ಅಲ್ಟ್ರಾಮರೀನ್ ನೇರಳೆ ಕಡೆ. ಪ್ರಷ್ಯನ್ ಬ್ಲೂ, ಥ್ಯಾಲೋ ಬ್ಲೂ ಹಸಿರು ಕಡೆ. ಹಳದಿಯಲ್ಲಿ ಲೆಮನ್ ಯೆಲ್ಲೋ ಹಸಿರು ಕಡೆ, ಕ್ಯಾಡ್ಮಿಯಂ ಯೆಲ್ಲೋ ಕಿತ್ತಳೆ ಕಡೆ. ನೀವು ವರ್ಮಿಲಿಯನ್‌ಗೆ ಪ್ರಷ್ಯನ್ ಬ್ಲೂ ಹಾಕಿದಿರಿ ಅಂದರೆ ಕೆಂಪಿನೊಳಗಿನ ಹಳದಿ ನಿಮಗೆ ಬೇಕಾದ ನೇರಳೆಯ ಎದುರಾಳಿ, ಅದು ಅಲ್ಲೇ ಅದನ್ನು ಹೊಸಕಿ ಹಾಕುತ್ತದೆ. ಕ್ರಿಮ್ಸನ್‌ಗೆ ಅಲ್ಟ್ರಾಮರೀನ್ ಹಾಕಿ ನೋಡಿ, ಬದನೆಕಾಯಿ ಗಿಡದ ಮೇಲೆ ಇದ್ದಾಗಿನ ಬಣ್ಣ ಬರುತ್ತದೆ.

ಪರೀಕ್ಷೆ ಹೀಗೆ. ಒಂದು ಚೂರು ಕಾಗದದ ಎಡಕ್ಕೆ ಒಂದು ಬಣ್ಣ, ಬಲಕ್ಕೆ ಇನ್ನೊಂದು, ಮಧ್ಯೆ ಐದು ಚೌಕ. ಎಡದಿಂದ ಬಲಕ್ಕೆ ಸ್ವಲ್ಪ ಸ್ವಲ್ಪ ಸೇರಿಸುತ್ತ ಹೋಗಿ. ಪ್ರತಿ ಚೌಕಕ್ಕೂ ಬ್ರಷ್ ತೊಳೆದು ಒರೆಸಿ, ಇದನ್ನು ತಪ್ಪಿಸಬೇಡಿ. ನಡುವಿನ ಚೌಕ ಬೂದಿಯಾದರೆ ಅವು ಎದುರುಬದುರು. ನಡುವೆ ಹೊಸ, ಹೊಳೆಯುವ ಬಣ್ಣ ಬಂದರೆ ಅವು ನೆರೆಹೊರೆ. ನಿಮ್ಮಲ್ಲಿ 12 ಟ್ಯೂಬ್ ಇದ್ದರೆ ಇಂಥ 66 ಜೋಡಿ ಆಗುತ್ತವೆ, ಎಲ್ಲ ಮಾಡುತ್ತ ಕೂರಬೇಡಿ. ನೀವು ದಿನಾ ಕೈ ಹಾಕುವ ನಾಲ್ಕೈದು ಸಾಕು.

ಮುಂದಿನದು ಟ್ಯೂಬಿನ ಬೆನ್ನು ಓದುವುದು. ಹೆಸರನ್ನು ನಂಬಬೇಡಿ. ಒಳ್ಳೆ ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಪಿಗ್ಮೆಂಟ್, ಅಂದರೆ ಬಣ್ಣದ ಪುಡಿಯ, ಸಂಕೇತ ಇರುತ್ತದೆ. ಪಿಬಿ 29 ಅಂದರೆ ಅಲ್ಟ್ರಾಮರೀನ್, ಪಿಬಿ 15 ಅಂದರೆ ಥ್ಯಾಲೋ ಬ್ಲೂ, ಪಿಜಿ 7 ಅಂದರೆ ಥ್ಯಾಲೋ ಗ್ರೀನ್. ಒಂದೇ ಸಂಕೇತ ಇದ್ದರೆ ಒಳಗೆ ಒಂದೇ ಪುಡಿ. ಎರಡು ಮೂರು ಇದ್ದರೆ ಕಾರ್ಖಾನೆಯವರೇ ಬೆರೆಸಿ ಕೊಟ್ಟಿದ್ದಾರೆ. ಸ್ಯಾಪ್ ಗ್ರೀನ್ ಹೆಚ್ಚಾಗಿ ಇಂಥ ಮಿಶ್ರಣವೇ. ಹೆಸರಿನ ಜೊತೆ "ಹ್ಯೂ" ಅಂತ ಇದ್ದರೆ, ಅದೇ ಬಣ್ಣ ಕಾಣುವ ಹಾಗೆ ಬೇರೆ ಪುಡಿಯಿಂದ ಮಾಡಿದ್ದು ಅಂತ ಅರ್ಥ. ಅದೇನೂ ಮೋಸ ಅಲ್ಲ, ಆದರೆ ಬೆರೆಸುವಾಗ ನಡವಳಿಕೆ ಬೇರೆ.

ಬ್ಯಾಡಗಿ ಚಿತ್ರದ ಪೋಸ್ಟ್‌ಮಾರ್ಟಂ ಮಾಡಿದಾಗ ನನಗೆ ಸಿಕ್ಕಿದ್ದು ಇದು. ನನ್ನ ವರ್ಮಿಲಿಯನ್ ಹ್ಯೂ ಒಳಗೆ ಎರಡು ಪುಡಿ. ಅದಕ್ಕೆ ಸೇರಿಸಿದ ಕ್ರಿಮ್ಸನ್ ಒಂದು. ಕಪ್ಪು ಒಂದು. ಸ್ಯಾಪ್ ಗ್ರೀನ್ ಎರಡು. ನಾನು ನಾಲ್ಕು ಬಣ್ಣ ಹಾಕಿದ್ದೇನೆ ಅಂದುಕೊಂಡಿದ್ದೆ, ಕಾಗದದ ಮೇಲೆ ಆರು ಇತ್ತು, ಅದೂ ಹಸಿಹಸಿಯಾಗಿ. ಆರು ಪುಡಿ ಕೂಡಿದರೆ ಎಂಥಾ ಕಲಾವಿದ ಬಂದರೂ ರಾಡಿಯೇ. ಈಗ ನನ್ನ ನಿಯಮ ಒಂದೇ: ಒಂದು ಮಿಶ್ರಣಕ್ಕೆ ಎರಡು ಪುಡಿ, ತೀರಾ ಬೇಕಾದರೆ ಮೂರು.

ಇನ್ನು, ಬಣ್ಣ ಸರಿ ಇದ್ದೂ ರಾಡಿ ಆಗುವುದು ಕೈಯಿಂದ. ವಾಟರ್‌ಕಲರ್‌ನಲ್ಲಿ ಕೆಳಗಿನ ಪದರ ಅರೆ ಒಣಗಿದಾಗ ಮೇಲೆ ಉಜ್ಜಿದರೆ ಅದು ಎದ್ದು ಬರುತ್ತದೆ. ಹಸಿರಿನ ಮೇಲೆ ಕೆಂಪು ಬೇಕಿದ್ದರೆ ಪೂರ್ತಿ ಒಣಗಲಿ, ಬೆರಳಿನ ಹಿಂಭಾಗ ತಾಗಿಸಿ ನೋಡಿ, ತಣ್ಣಗಿದ್ದರೆ ಇನ್ನೂ ಹಸಿ. ಒಂದೇ ಸಲ ಎಳೆದು ಕೈ ತೆಗೆಯಿರಿ. ತೆಳು ಕಾರ್ಟ್ರಿಜ್ ಪೇಪರ್ ಆದರೆ ಎರಡನೇ ಉಜ್ಜಿಗೇ ಅದರ ನಾರು ಏಳುತ್ತದೆ. ಆಗ ನೀವು ಬಣ್ಣಕ್ಕೆ ಬೈಯುತ್ತೀರಿ, ತಪ್ಪು ಕಾಗದದ್ದು. 300 ಜಿಎಸ್‌ಎಂನ ದಪ್ಪ ಕಾಗದ ದುಬಾರಿ ನಿಜ, ಆದರೆ ಪೂರಕ ಬಣ್ಣದ ಪದರ ಕಲಿಯಬೇಕಿದ್ದರೆ ಅರ್ಧ ಹಾಳೆಯಾದರೂ ತಂದಿಟ್ಟುಕೊಳ್ಳಿ.

ಹಾಂ, ನೀರು. ಕೆಂಪು ತೊಳೆದ ನೀರಿನಲ್ಲೇ ಹಸಿರು ಅದ್ದುತ್ತಿದ್ದೀರಾ? ಎರಡು ಡಬ್ಬಿ ಇಡಿ.

ದೋಷ: ಬೂದಿ ಬೇಕಿತ್ತು, ನೇರಳೆ ಬಂತು

ಲಕ್ಕುಂಡಿಗೆ ಹೋಗಿ ಕಾಶಿ ವಿಶ್ವೇಶ್ವರ ಗುಡಿ ಬಿಡಿಸಿದವರಿಗೆ ಈ ಕಷ್ಟ ಗೊತ್ತಿರುತ್ತದೆ. ಬಳಪದ ಕಲ್ಲು. ಬೆಳಗ್ಗೆ ತಂಪಾದ ಬೂದಿ, ಸಂಜೆ ಬಿಸಿಲಿಗೆ ಬೆಚ್ಚಗೆ. ಕಪ್ಪು-ಬಿಳಿ ಕಲಸಿದ ಬೂದಿ ಹಾಕಿದರೆ ಚಾಲುಕ್ಯರ ಗುಡಿ ಹೋಗಿ ಸಿಮೆಂಟ್ ಕಟ್ಟೆ ಆಗುತ್ತದೆ. ಅದಕ್ಕೇ ಪೂರಕ ಬಣ್ಣಗಳಿಂದ ಬೂದಿ ಮಾಡಿ ಅನ್ನುವುದು, ಅದರೊಳಗೆ ಎರಡು ಬಣ್ಣದ ಉಸಿರು ಉಳಿದಿರುತ್ತದೆ.

ನಂಬಿಕೆಯ ಜೋಡಿ ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ. ಬರ್ನ್ಟ್ ಸಿಯೆನ್ನಾವನ್ನು ನಾವು ಕಂದು ಅನ್ನುತ್ತೇವೆ, ಆದರೆ ಅದು ಗಾಢವಾದ ಕಿತ್ತಳೆಯೇ. ಹಾಗಾಗಿ ನೀಲಿಗೆ ಸರಿಯಾದ ಎದುರಾಳಿ. ನೀಲಿ ಜಾಸ್ತಿ ಹಾಕಿದರೆ ಬೆಳಗಿನ ಕಲ್ಲು, ಸಿಯೆನ್ನಾ ಜಾಸ್ತಿ ಹಾಕಿದರೆ ಸಂಜೆಯ ಕಲ್ಲು. ಗಟ್ಟಿಯಾಗಿ ಕಲಸಿದರೆ ಹೆಚ್ಚುಕಡಿಮೆ ಕಪ್ಪು. ಅಲ್ಟ್ರಾಮರೀನ್ ವಾಟರ್‌ಕಲರ್‌ನಲ್ಲಿ ಕಾಳುಕಾಳಾಗಿ ಕೂರುತ್ತದೆ. ಕಲ್ಲಿಗೆ ಅದು ವರ, ಮುಖದ ಚಿತ್ರಕ್ಕೆ ಕಾಟ.

ಬೂದಿ ಯಾವ ಕಡೆಗೋ ವಾಲಿದರೆ ಏನು ಮಾಡುವುದು? ಯಾವ ಕಡೆ ವಾಲಿದೆ ಅಂತ ಮೊದಲು ಹೆಸರಿಡಿ. ಸುಮ್ನೆ "ಏನೋ ಸರಿ ಇಲ್ಲ" ಅನ್ನುವುದು ರೋಗಪರೀಕ್ಷೆ ಅಲ್ಲ. ಗೊತ್ತಾಗದಿದ್ದರೆ ಅದಕ್ಕೆ ತುಂಬಾ ನೀರು (ಎಣ್ಣೆ ಬಣ್ಣವಾದರೆ ಬಿಳಿ) ಸೇರಿಸಿ ತೆಳುವಾಗಿ ಎಳೆಯಿರಿ, ಗಾಢವಾಗಿದ್ದಾಗ ಅಡಗಿದ್ದು ತೆಳುವಾದಾಗ ಹೊರಗೆ ಬರುತ್ತದೆ. ನೇರಳೆ ಕಡೆ ವಾಲಿದ್ದರೆ ಹಳದಿ ಕಡಿಮೆ ಬಿದ್ದಿದೆ. ಹಸಿರಾಗಿದ್ದರೆ ಕೆಂಪು ಬೇಕು. ಕಂದು ಅಂದರೆ ಕಿತ್ತಳೆ ಜಾಸ್ತಿ, ನೀಲಿ ಹಾಕಿ. ಎಷ್ಟು? ಸಾಸಿವೆ ಕಾಳಿನಷ್ಟು. ಸಾರಿಗೆ ಉಪ್ಪು ನೋಡಿದ ಹಾಗೆ. ಥ್ಯಾಲೋ ಬಣ್ಣಗಳಾದರೆ ಅದರಲ್ಲೂ ಅರ್ಧ, ಅವು ಮನೆಗೆ ಬಂದ ನೆಂಟರಲ್ಲ, ಮನೆಯನ್ನೇ ಹಿಡಿಯುವವು. ಮೂರು ಸಲ ತಿದ್ದಿಯೂ ಸರಿ ಹೋಗದಿದ್ದರೆ ಎಸೆದು ಹೊಸದಾಗಿ ಕಲಸಿ. ಬಟಾಣಿಯಷ್ಟು ಬಣ್ಣ ಉಳಿಸಲು ಹೋಗಿ ಅರ್ಧ ಟ್ಯೂಬ್ ಖರ್ಚು ಮಾಡಿದವನು ನಾನೇ.

ದೋಷ: ಮೊಬೈಲಿನಲ್ಲಿ ತೋರಿಸಿದ ಜೋಡಿ ಬಣ್ಣದಲ್ಲಿ ಕೆಲಸ ಮಾಡುತ್ತಿಲ್ಲ

ಇದು ಹೊಸ ಕಾಲದ ದೋಷ. ಮೊಬೈಲಿನ ಆ್ಯಪ್ ಹಳದಿಗೆ ನೀಲಿ ಎದುರು ಅನ್ನುತ್ತದೆ, ಕೆಂಪಿಗೆ ಸಯಾನ್ (ಹಸಿರು ಬೆರೆತ ನೀಲಿ) ಅನ್ನುತ್ತದೆ. ಪರದೆಯ ಲೆಕ್ಕ ಬೆಳಕಿನದು, ಅಲ್ಲಿ ಹಳದಿ ಬೆಳಕಿಗೆ ನೀಲಿ ಬೆಳಕು ಕೂಡಿದರೆ ಬಿಳಿ. ನೀವು ಅದನ್ನೇ ನಂಬಿ ಲೆಮನ್ ಯೆಲ್ಲೋಗೆ ನೀಲಿ ಕಲಸಿ ಬೂದಿ ಬರಲಿ ಅಂತ ಕಾದರೆ ಗಿಳಿ ಹಸಿರು ಬರುತ್ತದೆ. ಪುಡಿಯ ನೀಲಿ ಸ್ವಲ್ಪ ಹಸಿರನ್ನೂ ವಾಪಸ್ ಕಳಿಸುತ್ತದೆ, ಹಳದಿಯೂ ಹಸಿರನ್ನು ಬಿಡುತ್ತದೆ, ಇಬ್ಬರೂ ಬಿಟ್ಟದ್ದು ಮಾತ್ರ ಉಳಿಯುತ್ತದೆ.

ಎರಡು ಚಕ್ರವೂ ಸುಳ್ಳಲ್ಲ. ಕಲಸುವುದಕ್ಕೆ ಟ್ಯೂಬಿನ ಚಕ್ರ, ಅದಕ್ಕಿಂತ ನಿಮ್ಮ ಚೌಕದ ಪರೀಕ್ಷೆ. ಪಕ್ಕ ಪಕ್ಕ ಇಡುವುದಕ್ಕೆ ಕಣ್ಣಿನ ಚಕ್ರ, ಅದು ಪರದೆಯ ಚಕ್ರಕ್ಕೆ ಹತ್ತಿರ. ಕಣ್ಣಿನದು ಯಾವುದು ಅಂತ ನೋಡಬೇಕಾದರೆ ಒಂದು ಕೆಂಪು ಚುಕ್ಕೆಯನ್ನು ಅರ್ಧ ನಿಮಿಷ ದಿಟ್ಟಿಸಿ, ತಕ್ಷಣ ಬಿಳಿ ಗೋಡೆ ನೋಡಿ. ನೀಲಿ ಬೆರೆತ ಹಸಿರು ಚುಕ್ಕೆ ತೇಲುತ್ತದೆ. ಕೆಂಪು ನೋಡಿ ನೋಡಿ ಕಣ್ಣಿನ ಆ ಭಾಗ ದಣಿದಿರುತ್ತದೆ.

ದೋಷ: ನೆರಳು ಸತ್ತಿದೆ

ಮೆಣಸಿನಕಾಯಿಗೆ ಬೂಸ್ಟ ಬಂದದ್ದು ಹೀಗೆ. ಕೆಂಪಿಗೆ ಕಪ್ಪು ಸೇರಿಸಿದಾಗ ಅದು ಗಾಢವಾಗುವುದಷ್ಟೇ ಅಲ್ಲ, ತಣ್ಣಗೂ ಆಗುತ್ತದೆ. ಟ್ಯೂಬಿನ ಕಪ್ಪುಗಳು ಮಿಶ್ರಣದಲ್ಲಿ ನೀಲಿಯ ಹಾಗೆ ವರ್ತಿಸುತ್ತವೆ. ನಂಬಿಕೆ ಬರದಿದ್ದರೆ ಹಳದಿಗೆ ಚೂರು ಕಪ್ಪು ಕಲಸಿ, ಆಲಿವ್ ಹಸಿರು ಬರುತ್ತದೆ. ಗದಗ ಕಡೆ ಸೂರ್ಯಕಾಂತಿ ಹೊಲ ಬಿಡಿಸಿದವರ ಹೂವಿನ ನೆರಳೆಲ್ಲ ಪಾಚಿ ಕಟ್ಟಿದ ಹಾಗೆ ಕಾಣುವುದು ಇದೇ ಕಾರಣಕ್ಕೆ.

ಕೆಂಪಿಗೆ ಸರಿ ಮದ್ದು: ಕ್ರಿಮ್ಸನ್‌ಗೆ ಸಾಸಿವೆ ಕಾಳಿನಷ್ಟು ಥ್ಯಾಲೋ ಗ್ರೀನ್, ಪ್ಯಾಲೆಟ್‌ನಲ್ಲೇ ಕಲಸಿ, ಕಾಗದದ ಮೇಲಲ್ಲ. ಮಾಗಿದ, ಗಾಢವಾದ ಕೆಂಪು ಸಿಗುತ್ತದೆ. ಇನ್ನೂ ಸ್ವಲ್ಪ ಹಸಿರು ಹಾಕಿದರೆ ಕಪ್ಪಿಗೆ ಬಹಳ ಹತ್ತಿರ ಹೋಗುತ್ತದೆ, ಟ್ಯೂಬಿನ ಕಪ್ಪಿಗಿಂತ ಆಳವಾಗಿ ಕಾಣುತ್ತದೆ. ಎಣ್ಣೆ ಬಣ್ಣದವರು ಈ ಜೋಡಿಯಿಂದಲೇ ಕಪ್ಪು ಮಾಡಿಕೊಳ್ಳುವುದುಂಟು. ಬೆಳಕು ಬಿದ್ದ ಮೇಲ್ಭಾಗಕ್ಕೆ ಮಾತ್ರ ವರ್ಮಿಲಿಯನ್, ಅಲ್ಲಿಗೆ ಹಸಿರು ಸೋಕಿಸಲೇಬೇಡಿ.

ಹಳದಿ ಮಾತ್ರ ಹಠಮಾರಿ. ಪುಸ್ತಕದ ಪ್ರಕಾರ ಹಳದಿಗೆ ನೇರಳೆ ಹಾಕಬೇಕು. ಹಾಕಿ ನೋಡಿ, ಒಂದು ಚೂರಿಗೇ ಹಳದಿ ಮಣ್ಣುಪಾಲು. ಹಳದಿ ಬಹಳ ತಿಳಿ, ನೇರಳೆ ಬಹಳ ಗಾಢ, ತೂಕ ಸರಿ ಹೊಂದುವುದಿಲ್ಲ. ನಾನು ಮಾಡುವುದು ಮೆಟ್ಟಿಲು: ಹಳದಿಯಿಂದ ಯೆಲ್ಲೋ ಓಕರ್, ಅಲ್ಲಿಂದ ಬರ್ನ್ಟ್ ಸಿಯೆನ್ನಾ, ತೀರಾ ಸಂದಿಯಲ್ಲಿ ಮಾತ್ರ ಸಿಯೆನ್ನಾಕ್ಕೆ ಚೂರು ನೇರಳೆ. ನೇರಳೆಯ ನಿಜವಾದ ಕೆಲಸ ಹೂವಿನೊಳಗೆ ಅಲ್ಲ, ಹೂವಿನ ಹಿಂದೆ. ಹಿಂದಿನ ಎರೆ ಹೊಲಕ್ಕೆ ನೇರಳೆ ಬೆರೆತ ಬೂದಿ ಕೊಡಿ, ಹೂವು ತಾನಾಗಿ ಮುಂದೆ ಬರುತ್ತದೆ.

ಮುಖದ ಚಿತ್ರದಲ್ಲಿ ಕೆನ್ನೆ ಬಣ್ಣ ಹಚ್ಚಿದ ಹಾಗೆ ಕಂಡರೆ? ತೆಳು ಹಸಿರು ಸೋಕಿಸಿ, ಇಳಿಯುತ್ತದೆ. ಹಳೆ ಕಾಲದ ಇಟಲಿಯವರು ಮುಖದ ಕೆಳಗೆ ಮೊದಲೇ ಹಸಿರು ಮಣ್ಣಿನ ಪದರ ಹಾಕಿ ಅದರ ಮೇಲೆ ಗುಲಾಬಿ ಹಾಕುತ್ತಿದ್ದರು. ಮೇಲಿನ ಗುಲಾಬಿ ಸವೆದು ಹೋದ ಕಡೆ ದೇವಮಾತೆ ಮೇರಿಯ ಮುಖವೇ ಹಸಿರಾಗಿ ಕಾಣುತ್ತದೆ, ಅದು ಒಳಗಿನ ಆ ಪದರ.

ದೋಷ: ಅಂಚು ಕಣ್ಣಿಗೆ ಚುಚ್ಚುತ್ತದೆ, ಅಲುಗಾಡಿದ ಹಾಗೆ ಕಾಣುತ್ತದೆ

ಇಲ್ಲಿ ತಪ್ಪು ಕಲಸಿದ್ದರಲ್ಲಿ ಇಲ್ಲ, ಪಕ್ಕ ಇಟ್ಟದ್ದರಲ್ಲಿ ಇದೆ. ಪಕ್ಕ ಪಕ್ಕದ ಕೆಂಪು ಮತ್ತು ಹಸಿರು ಎರಡೂ ಒಂದೇ ಮಟ್ಟದ ಗಾಢತೆಯಲ್ಲಿದ್ದು, ಎರಡೂ ಪೂರ್ತಿ ಜೋರಾಗಿದ್ದರೆ, ಅಂಚು ಎಲ್ಲಿದೆ ಅಂತ ಕಣ್ಣಿಗೆ ಹಿಡಿಯಲು ಆಗುವುದಿಲ್ಲ. ಪರೀಕ್ಷೆ ಸುಲಭ: ಕಣ್ಣು ಕಿರಿದು ಮಾಡಿ ನೋಡಿ, ಇಲ್ಲವಾದರೆ ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ. ಎರಡೂ ಹೆಚ್ಚುಕಡಿಮೆ ಒಂದೇ ಬೂದಿಯಾಗಿ ಕರಗಿ ಹೋದರೆ ಇದೇ ದೋಷ.

ಮದ್ದು ಹಲವು. ಒಂದನ್ನು ಗಾಢ ಮಾಡಿ. ಅಥವಾ ಒಂದಕ್ಕೆ ಇನ್ನೊಂದರ ಚೂರು ಬೆರೆಸಿ ಅದರ ಸದ್ದು ಇಳಿಸಿ. ಅಥವಾ ನಡುವೆ ಗೆರೆಯಷ್ಟು ಬೇರೆ ಬಣ್ಣ ಬಿಡಿ. ಹಸಿರು ಮೈಯ ಇಳಕಲ್ ಸೀರೆಗೆ ಕೆಂಪು ಸೆರಗು ಇರುತ್ತದಲ್ಲ, ಅದು ಕಣ್ಣಿಗೆ ಚುಚ್ಚುವುದಿಲ್ಲ. ಸೆರಗಿನ ಕೆಂಪಿನಲ್ಲಿ ಬಿಳಿಯ ವಿನ್ಯಾಸ ಕೂತಿರುತ್ತದೆ, ಕಣ್ಣು ಅಲ್ಲಿ ಕೂತು ದಣಿವಾರಿಸಿಕೊಳ್ಳುತ್ತದೆ. ಅದೇ ಸೀರೆಯನ್ನು ಚಿತ್ರದಲ್ಲಿ ಬಿಡಿಸುವಾಗ ನಾವು ಆ ಬಿಳಿಯನ್ನು "ಸಣ್ಣ ವಿವರ" ಅಂತ ಬಿಟ್ಟುಬಿಡುತ್ತೇವೆ, ಆಮೇಲೆ ಸೀರೆ ಯಾಕೆ ಕಿರುಚುತ್ತಿದೆ ಅಂತ ತಲೆ ಕೆರೆದುಕೊಳ್ಳುತ್ತೇವೆ.

ಅಳತೆಯನ್ನೂ ನೋಡಿ. ಎರಡೂ ಸಮಸಮ ಜಾಗ ಹಿಡಿದರೆ ಜಗಳ, ಒಂದು ದೊಡ್ಡದು ಒಂದು ಚಿಕ್ಕದಾದರೆ ಸಂಸಾರ. ಫ್ರೆಂಚ್ ಚಿತ್ರಕಾರ ಮೊನೆ 1872ರಲ್ಲಿ ಲ ಹಾವ್ರ್ ಬಂದರಿನ ಬೆಳಗನ್ನು ಬಿಡಿಸಿದ ಚಿತ್ರದಲ್ಲಿ ಇಡೀ ಹಾಳೆ ನೀಲಿ-ಬೂದಿ, ಕಿತ್ತಳೆ ಸೂರ್ಯ ಒಂದು ಬೊಟ್ಟಿನಷ್ಟು. ತಮಾಷೆ ಅಂದರೆ ಆ ಸೂರ್ಯನ ಗಾಢತೆ ಸುತ್ತಲಿನ ಆಕಾಶದಷ್ಟೇ ಇದೆ, ಕಪ್ಪು-ಬಿಳುಪು ಮಾಡಿದರೆ ಸೂರ್ಯ ಹೆಚ್ಚುಕಡಿಮೆ ಮಾಯ. ಮೇಲೆ ನಾನು ದೋಷ ಅಂದದ್ದನ್ನೇ ಅವನು ಬೇಕೆಂದು ಮಾಡಿದ್ದಾನೆ, ಅದಕ್ಕೇ ಆ ಸೂರ್ಯ ಮಂಜಿನಲ್ಲಿ ಮಿಡಿಯುತ್ತಾನೆ. ವ್ಯಾನ್ ಗೋ 1888ರಲ್ಲಿ ಆರ್ಲ್ ಊರಿನ ರಾತ್ರಿ ಕೆಫೆಗೆ ಕೆಂಪು ಗೋಡೆ, ಹಸಿರು ಚಾವಣಿ ಕೊಟ್ಟದ್ದೂ ಹಾಗೇ, ಅಲ್ಲಿ ಕೂತವನಿಗೆ ನೆಮ್ಮದಿ ಇರಬಾರದು ಅಂತ. ನಿಮಗೂ ಅದೇ ಬೇಕಿದ್ದರೆ ಈ ಭಾಗ ಬಿಟ್ಟು ಮುಂದೆ ಹೋಗಿ.

ದೋಷ: ಬೂದಿ ಸರಿಯಾಗಿ ಕಲಸಿದ್ದೆ, ಹಾಳೆಯ ಮೇಲೆ ಗುಲಾಬಿಯಾಯಿತು

ಮತ್ತೆ ಲಕ್ಕುಂಡಿ. ಗುಡಿಯ ಸುತ್ತ ಹುಲ್ಲು. ಪ್ಯಾಲೆಟ್‌ನಲ್ಲಿ ತಟಸ್ಥವಾಗಿದ್ದ ಬೂದಿ, ಹುಲ್ಲಿನ ಹಸಿರಿನ ಪಕ್ಕ ಹೋದ ಕೂಡಲೇ ನಸುಗೆಂಪು ಕಂಡಿತು. ನಾನು ಹಸಿರು ಸೇರಿಸಿ ತಿದ್ದಿದೆ. ಮನೆಗೆ ಬಂದು ನೋಡಿದರೆ ಕಲ್ಲು ಪಾಚಿ.

ಇಲ್ಲಿ ಬಣ್ಣ ಕೂಡಿದ್ದು ಕಣ್ಣಿನೊಳಗೆ. ಪಕ್ಕದ ಬಣ್ಣ ತನ್ನ ಪೂರಕವನ್ನು ನೆರೆಯವನ ಮೇಲೆ ಎರಚುತ್ತದೆ. ಇದನ್ನು ನಿಯಮವಾಗಿ ಬಿಡಿಸಿ ಹೇಳಿದವರು ಚಿತ್ರಕಾರರಲ್ಲ, ಶೆವ್ರೆಲ್ ಎಂಬ ಫ್ರೆಂಚ್ ರಸಾಯನ ವಿಜ್ಞಾನಿ. 1824ರಲ್ಲಿ ಪ್ಯಾರಿಸ್ಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆಯ ಉಸ್ತುವಾರಿ ಅವರಿಗೆ ಸಿಕ್ಕಿತು. ನೇಯುವವರಿಂದ ದೂರು ಬಂತು: ಕಪ್ಪು ದಾರದಲ್ಲಿ ಸತ್ವ ಇಲ್ಲ. ಶೆವ್ರೆಲ್ ದಾರ ಪರೀಕ್ಷಿಸಿದರು, ಬಣ್ಣದಲ್ಲಿ ಏನೂ ಕೊರತೆ ಇಲ್ಲ. ನೀಲಿ, ನೇರಳೆ ದಾರಗಳ ಪಕ್ಕ ನೇಯ್ದಾಗ ಮಾತ್ರ ಕಪ್ಪು ಮಂಕಾಗುತ್ತಿತ್ತು. ದೋಷ ದಾರದಲ್ಲಿ ಇರಲಿಲ್ಲ, ನೆರೆಯಲ್ಲಿ ಇತ್ತು. ಆ ಹುಡುಕಾಟ 1839ರಲ್ಲಿ ದೊಡ್ಡ ಪುಸ್ತಕವೇ ಆಯಿತು, ಮುಂದೆ ಸೆರಾನಂಥ ಚಿತ್ರಕಾರರು ಅದರ ವಿಚಾರ ಹಿಡಿದು ಚುಕ್ಕೆ ಚುಕ್ಕೆಯಾಗಿ ಚಿತ್ರ ಬಿಡಿಸಿದರು. ದೋಷ ಹುಡುಕುವುದು ಅಂದರೆ ನನಗೆ ಮೊದಲು ನೆನಪಾಗುವುದು ಇದೇ ಕಥೆ, ಯಾಕೆಂದರೆ ಅವರ ಜಾಗದಲ್ಲಿ ನಾನಿದ್ದಿದ್ದರೆ ಕಪ್ಪು ಬಣ್ಣದ ಸೀಸೆ ಬದಲಿಸಿ ದುಡ್ಡು ಹಾಳು ಮಾಡುತ್ತಿದ್ದೆ.

ಪರೀಕ್ಷೆ: ಬೂದು ರಟ್ಟಿನಲ್ಲಿ ಎರಡು ರಂಧ್ರ ಮಾಡಿ. ಒಂದನ್ನು ಕೆಟ್ಟ ಜಾಗದ ಮೇಲೆ ಇಡಿ. ಸುತ್ತಲಿನ ಹಸಿರು ಮುಚ್ಚಿಹೋದಾಗ ಬೂದಿ ಸರಿಯಾಗಿ ಕಂಡರೆ, ಬಣ್ಣ ಸರಿ ಇದೆ. ಎರಡನೇ ರಂಧ್ರ ಹುಲ್ಲಿನ ಮೇಲೆ ಬರಲಿ, ತಿದ್ದಬೇಕಾದದ್ದು ಅದನ್ನು. ಹಸಿರಿನ ಜೋರು ಇಳಿಸಿ, ಕಲ್ಲಿನ ಗುಲಾಬಿ ತಾನಾಗಿ ಇಳಿಯುತ್ತದೆ. ಇನ್ನೂ ಒಂದು ಮಾತು, ಹಾಳೆ ಪೂರ್ತಿ ಬಿಳಿ ಇರುವಾಗ ಹಾಕಿದ ಮೊದಲ ಬಣ್ಣವನ್ನು ತಿದ್ದಲು ಹೋಗಬೇಡಿ, ನೆರೆಯವರು ಬರಲಿ, ಆಮೇಲೆ ನೋಡೋಣ.

ದೋಷ: ಧಾರವಾಡದ ಮಳೆಗಾಲ ಪ್ಲಾಸ್ಟಿಕ್ ಆಗಿದೆ

ಜುಲೈಯಲ್ಲಿ ಕೆಲಗೇರಿ ಕೆರೆ ಕಡೆ ಹೋಗಿ ಕೂತರೆ ಎಲ್ಲಿ ನೋಡಿದರೂ ಹಸಿರು. ಸ್ಯಾಪ್ ಗ್ರೀನ್ ಟ್ಯೂಬ್ ತೆಗೆದು ಹಾಗೇ ಬಳಿದರೆ ಹೋಟೆಲಿನ ಕೃತಕ ಗಿಡದ ಹಾಗೆ ಕಾಣುತ್ತದೆ. ಪ್ರತಿ ಹಸಿರಿಗೂ ಚೂರು ಬರ್ನ್ಟ್ ಸಿಯೆನ್ನಾ ಸೋಕಿಸಿ, ದೂರದ ಮರಗಳಿಗೆ ಸ್ವಲ್ಪ ಜಾಸ್ತಿ. ಹಂಚಿನ ಮನೆಯ ಕೆಂಪು ಒಂದನ್ನು ಮಾತ್ರ ಕಲಸದೆ ಶುದ್ಧವಾಗಿ ಬಿಡಿ. ಹಸಿರೆಲ್ಲ ಅರ್ಧ ದನಿ ಇಳಿಸಿದ್ದರಿಂದ ಆ ಅಂಗೈಯಗಲದ ಹಂಚು ಇಡೀ ಚಿತ್ರದಲ್ಲಿ ಕೇಳಿಸುತ್ತದೆ. ಒಂದೇ ಜೋಡಿಯ ಎರಡು ಕೆಲಸವೂ ಒಂದೇ ಹಾಳೆಯಲ್ಲಿ ಸರಿಯಾದ ಜಾಗಕ್ಕೆ ಬಿದ್ದಾಗ ಹೀಗಾಗುತ್ತದೆ.

ಉಳಿದ ಸಣ್ಣಪುಟ್ಟವು

ರಾತ್ರಿ ಸರಿ ಇತ್ತು, ಬೆಳಗ್ಗೆ ಎಲ್ಲ ನೀಲಿ: ಹಳದಿ ಬಲ್ಬಿನ ಕೆಳಗೆ ಕೂತಿದ್ದೀರಿ. ಆ ಬೆಳಕಿನಲ್ಲಿ ನೀಲಿ ಮಂಕಾಗುತ್ತದೆ, ನೀವು ಸಾಲದು ಅಂತ ಮತ್ತೆ ಮತ್ತೆ ಹಾಕಿರುತ್ತೀರಿ. ಬಣ್ಣ ಕಲಸುವುದನ್ನು ಹಗಲಿಗೆ ಇಡಿ, ಗೆರೆ ಕೆಲಸ ರಾತ್ರಿ ಮಾಡಿ.

ಒಣಗಿದ ಮೇಲೆ ಜೋಡಿಯ ತೂಕ ತಪ್ಪಿತು: ವಾಟರ್‌ಕಲರ್ ಒಣಗಿದಾಗ ತಿಳಿಯಾಗುತ್ತದೆ, ಅಕ್ರಿಲಿಕ್ ಗಾಢವಾಗುತ್ತದೆ. ಚೂರು ಕಾಗದದ ಮೇಲೆ ಹಾಕಿ ಒಣಗಿಸಿ ನೋಡಿದ ಮೇಲೇ ಚಿತ್ರಕ್ಕೆ ಹಾಕಿ.

ಬಿಳಿ ಹಾಕಿದ ಮೇಲೆ ಸುಣ್ಣ ಬಳಿದ ಹಾಗಾಯಿತು: ಬಿಳಿಯು ಬಣ್ಣವನ್ನು ತಿಳಿ ಮಾಡುವ ಜೊತೆಗೆ ಮಂಕೂ ತಣ್ಣಗೂ ಮಾಡುತ್ತದೆ. ಪೂರಕ ಬೆರೆತು ಮೊದಲೇ ಅರ್ಧ ಸತ್ತಿದ್ದ ಬಣ್ಣಕ್ಕೆ ಬಿಳಿ ಬಿದ್ದರೆ ಮುಗಿಯಿತು. ವಾಟರ್‌ಕಲರ್ ಆದರೆ ನೀರಿನಿಂದಲೇ ತಿಳಿ ಮಾಡಿ.

ಈ ಸಲದ ಸುಗ್ಗಿಗೆ ಮತ್ತೆ ಬ್ಯಾಡಗಿಗೆ ಹೋಗಿದ್ದೆ. ಮೂರೇ ಟ್ಯೂಬ್ ಒಯ್ದೆ: ವರ್ಮಿಲಿಯನ್ (ಒಂದೇ ಪುಡಿಯದ್ದು, ಹುಡುಕಿ ತಂದದ್ದು), ಕ್ರಿಮ್ಸನ್, ಥ್ಯಾಲೋ ಗ್ರೀನ್. ಕಪ್ಪನ್ನು ಬೇಕೆಂದೇ ಮನೆಯಲ್ಲಿ ಬಿಟ್ಟೆ, ಚೀಲದಲ್ಲಿದ್ದರೆ ಕೈ ಹೋಗಿಯೇ ಹೋಗುತ್ತದೆ. ರಾಶಿಯ ಪಕ್ಕ ಹಸಿರು ಸೀರೆಯ ಹೆಣ್ಣುಮಗಳೊಬ್ಬಳು ತೊಟ್ಟು ಬಿಡಿಸುತ್ತಿದ್ದಳು, ಆ ಸೀರೆಗೆ ಹಸಿರನ್ನು ಕಲಸದೆ ಹಾಕಿ, ರಾಶಿಗೂ ಸೀರೆಗೂ ನಡುವೆ ಕಾಗದದ ಬಿಳಿ ಗೆರೆಯಷ್ಟು ಬಿಟ್ಟೆ. ಈ ಸಲವೂ ಯಾರೋ ಬಂದು ಹಿಂದೆ ನಿಂತರು. ಸ್ವಲ್ಪ ಹೊತ್ತು ನೋಡಿ, "ಡಬ್ಬಿ ಏನ್ರಿ, ಕಡ್ಡಿ?" ಎಂದರು.

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಆ ಎರಡು ತಳಿ ಇವೆ, ಡಬ್ಬಿ ದಪ್ಪ ಮತ್ತು ಗಿಡ್ಡ, ಕಡ್ಡಿ ಸಣ್ಣ ಮತ್ತು ಉದ್ದ. ಬಣ್ಣದ ಗುಂಗಿನಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ.